ಸದ್ದಡಗಿಸುವ ಮುನ್ನ ಶಾಖಕ್ಕೆ ದಾರಿ

ಮನೆಯೆಂದ ಮೇಲೆ ಸದ್ದು ಇದ್ದೇ ಇರುತ್ತದೆ. ಮುಂಜಾನೆ ಕುಕ್ಕರಿನ ಸೀಟಿ, ಮಧ್ಯಾಹ್ನ ಮಿಕ್ಸಿಯ ಗದ್ದಲ, ಸಂಜೆ ಮಕ್ಕಳ ಗಲಾಟೆ. ಇವಕ್ಕೆಲ್ಲ ಒಂದೊಂದು ಹೊತ್ತಿರುವುದರಿಂದ ನಾವು ಅವುಗಳೊಡನೆ ಹೊಂದಿಕೊಂಡು ಬಾಳುತ್ತೇವೆ. ಆದರೆ ಹೊತ್ತುಗೊತ್ತಿಲ್ಲದೆ, ಊರೆಲ್ಲ ಮಲಗಿದ ಮೇಲೆಯೇ ಏರುವ ಸದ್ದೊಂದು ಈಚಿನ ವರ್ಷಗಳಲ್ಲಿ ನಮ್ಮ ಮನೆಗಳನ್ನು ಹೊಕ್ಕಿದೆ. ಅದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡಿನ ಫ್ಯಾನಿನ ಸದ್ದು. ಈ ತಿಂಗಳು ಅದನ್ನು ಕುರಿತು ನಾಲ್ಕು ಮಾತು ಬರೆಯುವುದಕ್ಕೆ ನಮ್ಮ ತಮ್ಮನ ಮನೆಯಲ್ಲಿ ನಡೆದ ಪ್ರಸಂಗವೇ ಕಾರಣ.

ತಮ್ಮನ ಮನೆ ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ಬಡಾವಣೆಯಲ್ಲಿದೆ. ಮೂವತ್ತು ವರ್ಷ ಅಲ್ಲಿಯ ವರ್ಕ್‌ಶಾಪುಗಳಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿದವನು ಅವನು. ಅವನ ಮಗ ನಗರದ ಇನ್ನೊಂದು ತುದಿಯಾದ ವೈಟ್‌ಫೀಲ್ಡಿನಲ್ಲಿ ಅನಿಮೇಷನ್ ಸಂಸ್ಥೆಯೊಂದರಲ್ಲಿದ್ದನು. ಆ ಕೆಲಸ ಕೈತಪ್ಪಿದ ಮೇಲೆ ಮನೆಯಲ್ಲಿಯೇ ಕಂಪ್ಯೂಟರ್ ಇಟ್ಟುಕೊಂಡು, ಹೊರಗಿನವರಿಗೆ ಚಿತ್ರಗಳನ್ನು ಸಿದ್ಧಪಡಿಸಿಕೊಡುವ ಕಾಯಕ ಹಿಡಿದನು. ಹಗಲೆಲ್ಲ ಚಿತ್ರಗಳನ್ನು ಜೋಡಿಸುವುದು; ರಾತ್ರಿ ಮಲಗುವಾಗ ಅವನ್ನು ಕಂಪ್ಯೂಟರಿಗೆ ಒಪ್ಪಿಸುವುದು. ನೆರಳು, ಬೆಳಕು, ಬಣ್ಣಗಳನ್ನೆಲ್ಲ ಲೆಕ್ಕಹಾಕಿ ಒಂದೊಂದೇ ಚಿತ್ರವನ್ನು ಪೂರ್ಣಗೊಳಿಸುವ ಆ ಕೆಲಸಕ್ಕೆ ರೆಂಡರಿಂಗ್ ಎಂದು ಹೆಸರು. ಎಂಟೊಂಬತ್ತು ಗಂಟೆ ಬಿಡುವಿಲ್ಲದೆ ಅದು ನಡೆಯುತ್ತದೆ. ಆ ದುಡಿಮೆಯ ಭಾರವನ್ನೆಲ್ಲ ಹೊರುವುದು ಗ್ರಾಫಿಕ್ಸ್ ಕಾರ್ಡು.

ಕಂಪ್ಯೂಟರಿದ್ದ ಗೋಡೆಯ ಆಚೆ ಬದಿಗೆ ನಮ್ಮ ತಾಯಿಯವರ ಮಂಚ. ಎಂಬತ್ತು ದಾಟಿದ ಜೀವ. ಒಮ್ಮೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ನಾವು ಹೋದಾಗಲೆಲ್ಲ ಅವರದು ಒಂದೇ ಮಾತು: “ರಾತ್ರಿಯೆಲ್ಲ ಯಾರೋ ಮಿಕ್ಸಿ ಹಾಕ್ಕೊಂಡು ಕೂತಿರ್ತಾರೆ ಕಣಪ್ಪ.” ತಮ್ಮನು ನಗುತ್ತ, “ಎಲ್ಲಿಯ ಸದ್ದವ್ವ? ನನಗೊಂದೂ ಕೇಳಿಸಲ್ಲ” ಎಂದುಬಿಡುತ್ತಿದ್ದನು. ಹುಡುಗನಿಗೆ ಮಾತ್ರ ಅಜ್ಜಿಯ ಕಷ್ಟ ತಿಳಿದಿತ್ತು. ಒಂದು ದಿನ ಯಾರಿಗೂ ಹೇಳದೆ, ಕಂಪ್ಯೂಟರಿನಲ್ಲಿಯೇ ಇರುವ ಹಿಡಿತದಿಂದ ಫ್ಯಾನುಗಳ ವೇಗವನ್ನು ಅರ್ಧಕ್ಕಿಂತ ಕೆಳಗೆ ಕಟ್ಟಿಹಾಕಿದನು. ಮನೆ ನಿಶ್ಶಬ್ದವಾಯಿತು. ಅಜ್ಜಿಗೆ ನಿದ್ದೆ ಬಂದಿತು.

ಎರಡು ರಾತ್ರಿ ಎಲ್ಲವೂ ಸರಿಯಾಗಿತ್ತು. ಏಪ್ರಿಲ್ ತಿಂಗಳ ಸೆಕೆ. ಮೂರನೆಯ ರಾತ್ರಿ ಕಾರ್ಡು ಕಾದು, ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು, ಕಡೆಗೆ ಯಂತ್ರವೇ ನಿಂತುಹೋಯಿತು. ಬೆಳಿಗ್ಗೆ ಎದ್ದು ನೋಡಿದರೆ ಮುಕ್ಕಾಲು ಕೆಲಸ ಬಾಕಿ. ಅಂದೇ ಒಪ್ಪಿಸಬೇಕಾದ ಕೆಲಸ ತಪ್ಪಿತು. ಬರಬೇಕಾದ ಹಣವೂ ತಪ್ಪಿತು. ಆ ಹಣದಿಂದಲೇ ಆ ತಿಂಗಳ ಮನೆ ಬಾಡಿಗೆ ಕಟ್ಟಬೇಕಾಗಿತ್ತು. ತಪ್ಪು ಯಾರದು? ನಿದ್ದೆ ಬೇಕೆಂದ ಅಜ್ಜಿಯದಲ್ಲ, ಅದನ್ನು ಕೊಡಹೋದ ಮೊಮ್ಮಗನದೂ ಅಲ್ಲ. ಸದ್ದನ್ನೂ ಶಾಖವನ್ನೂ ಬೇರೆ ಬೇರೆಯೆಂದು ಎಣಿಸಿದ್ದೇ ತಪ್ಪು.

ಶಾಖ ಎಲ್ಲಿಂದ ಬರುತ್ತದೆ?

ಗ್ರಾಫಿಕ್ಸ್ ಕಾರ್ಡೆಂದರೆ ಕಂಪ್ಯೂಟರಿನೊಳಗೆ ಚಿತ್ರಗಳಿಗಾಗಿಯೇ ಮೀಸಲಾದ ಇನ್ನೊಂದು ಮಿದುಳೆಂದು ತಿಳಿಯಬಹುದು. ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲದಲ್ಲಿ ಮಾಡುವುದು ಅದರ ವಿಶೇಷ. ಆ ಕಾರಣದಿಂದಲೇ ಅದು ಇಂದು ಆಟ ಮತ್ತು ಅನಿಮೇಷನ್‌ಗಳನ್ನು ದಾಟಿ, ಕೃತಕ ಬುದ್ಧಿಮತ್ತೆಯ ಕೆಲಸಗಳಿಗೂ ಆಧಾರವಾಗಿದೆ. ಇಂತಹ ಚಿಪ್ಪುಗಳ ವಿನ್ಯಾಸದ ಕೆಲಸ ನಮ್ಮ ಬೆಂಗಳೂರಿನಲ್ಲಿಯೂ ನಡೆಯುತ್ತದೆ. ಎನ್‌ವಿಡಿಯಾ ಕಂಪೆನಿಯ ಎಂಜಿನಿಯರುಗಳು ಇಲ್ಲಿದ್ದಾರೆ. ಎಎಂಡಿ ಕಂಪೆನಿಯು ೨೦೨೩ರ ನವೆಂಬರಿನಲ್ಲಿ ‘ಟೆಕ್ನೋಸ್ಟಾರ್’ ಎಂಬ ಹೆಸರಿನಿಂದ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು ಇಲ್ಲಿಯೇ ತೆರೆಯಿತು. ನಮ್ಮ ಓದುಗ ಕುಟುಂಬಗಳಲ್ಲಿಯೂ ಇಂತಹ ಕೆಲಸದಲ್ಲಿರುವ ಮಕ್ಕಳು ಇದ್ದಾರು.

ಈ ಕಾರ್ಡು ಎಷ್ಟು ವಿದ್ಯುತ್ತನ್ನು ಕುಡಿಯುವುದೋ ಅಷ್ಟನ್ನೂ ಕಡೆಗೆ ಶಾಖವಾಗಿಯೇ ಹೊರಹಾಕುತ್ತದೆ. ನಮ್ಮ ಮನೆಗಳ ಹಳೆಯ ಮಾದರಿಯ ಸೀಲಿಂಗ್ ಫ್ಯಾನು ಸುಮಾರು ೭೫ ವಾಟ್ ತೆಗೆದುಕೊಳ್ಳುತ್ತದೆ. ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡು ಸುಮಾರು ೨೦೦ ವಾಟ್ ಬೇಡುತ್ತದೆ. ೨೦೨೨ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ ೪೦೯೦ಕ್ಕೆ ೪೫೦ ವಾಟ್. ೨೦೨೫ರ ಆರ್‌ಟಿಎಕ್ಸ್ ೫೦೯೦ಕ್ಕೆ ೫೭೫ ವಾಟ್. ಇಸ್ತ್ರಿಪೆಟ್ಟಿಗೆಯ ಹತ್ತಿರಕ್ಕೆ ಬಂದಂತಾಯಿತು! ಇಸ್ತ್ರಿಪೆಟ್ಟಿಗೆಯಾದರೋ ಅಂಗೈಯಗಲದ ತಳದಿಂದ ಶಾಖವನ್ನು ಬಿಡುತ್ತದೆ. ಇಲ್ಲಿ ಆ ಶಾಖವೆಲ್ಲ ಹುಟ್ಟುವುದು ಅಂಚೆಚೀಟಿಗಿಂತ ತುಸು ದೊಡ್ಡದಾದ ಒಂದು ಚಿಪ್ಪಿನಲ್ಲಿ.

ಆ ಶಾಖ ಹೊರಬರುವ ದಾರಿ ಹೀಗಿದೆ. ಚಿಪ್ಪಿನ ಮೇಲೆ ಬೆಣ್ಣೆಯಂತೆ ಸವರಿದ ಥರ್ಮಲ್ ಪೇಸ್ಟು. ಅದರ ಮೇಲೆ ತಾಮ್ರದ ತಟ್ಟೆ. ತಟ್ಟೆಯಿಂದ ಹೊರಟ ತಾಮ್ರದ ಕೊಳವೆಗಳು. ಕೊಳವೆಗಳಿಗೆ ಪೋಣಿಸಿದ ಅಲ್ಯೂಮಿನಿಯಮ್ಮಿನ ತೆಳುವಾದ ರೆಕ್ಕೆಗಳು. ರೆಕ್ಕೆಗಳ ಮೇಲೆ ಗಾಳಿ ಬೀಸುವ ಫ್ಯಾನುಗಳು. ಕೊಳವೆಗಳು ಬರಿಯ ತಾಮ್ರದ ಸರಳುಗಳಲ್ಲ. ಅವುಗಳ ಒಳಗಿನ ಗಾಳಿಯನ್ನು ತೆಗೆದು ಒಂದಿಷ್ಟು ದ್ರವವನ್ನು, ಸಾಮಾನ್ಯವಾಗಿ ನೀರನ್ನೇ, ಇಟ್ಟು ಮುಚ್ಚಿರುತ್ತಾರೆ. ಬಿಸಿಯ ತುದಿಯಲ್ಲಿ ನೀರು ಆವಿಯಾಗುತ್ತದೆ, ತಂಪಿನ ತುದಿಯಲ್ಲಿ ಮತ್ತೆ ನೀರಾಗುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಒಳಗೋಡೆಯ ಮೂಲಕ ಹಿಂದಕ್ಕೆ ಹರಿಯುತ್ತದೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿ ೧೯೬೩ರಲ್ಲಿ ಈ ಕೊಳವೆಗೆ ಹೀಟ್ ಪೈಪ್ ಎಂಬ ಹೆಸರಿಟ್ಟರು. ಇದಕ್ಕೆ ಮೋಟಾರಿಲ್ಲ, ಸದ್ದಿಲ್ಲ. ಸದ್ದೆಲ್ಲ ಹುಟ್ಟುವುದು ಕಡೆಯ ಮೆಟ್ಟಿಲಾದ ಫ್ಯಾನಿನಲ್ಲಿ.

ಎಷ್ಟು ಗಾಳಿ ಬೇಕು? ೨೦೦ ವಾಟ್ ಶಾಖವನ್ನು ಹೊತ್ತೊಯ್ಯುವ ಗಾಳಿ ೧೦ ಡಿಗ್ರಿ ಮಾತ್ರ ಬಿಸಿಯಾಗಬೇಕೆಂದರೆ, ಪ್ರತಿ ಸೆಕೆಂಡಿಗೆ ಸುಮಾರು ೧೮ ಲೀಟರ್ ಗಾಳಿ ಆ ರೆಕ್ಕೆಗಳ ನಡುವೆ ಹಾದುಹೋಗಬೇಕು. ಒಂದು ದೊಡ್ಡ ಕೊಡದಷ್ಟು ಗಾಳಿ, ಕಣ್ಣುಮಿಟುಕಿಸುವಷ್ಟರಲ್ಲಿ! ಬೆಂಗಳೂರಿನವರಿಗೆ ಇಲ್ಲೊಂದು ವಿಶೇಷವಿದೆ. ನಮ್ಮ ನಗರ ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ಶೇಕಡಾ ೮ರಿಂದ ೧೦ರಷ್ಟು ತೆಳು. ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಇಲ್ಲಿ ಅಷ್ಟು ಕಡಿಮೆ ಶಾಖವನ್ನು ಒಯ್ಯುತ್ತದೆ. ತಂಪು ಊರೆಂಬ ಹೆಸರನ್ನು ಪೂರ್ತಿಯಾಗಿ ನೆಚ್ಚುವಂತೆಯೂ ಇಲ್ಲ. ೨೦೧೬ರ ಏಪ್ರಿಲ್ ೨೪ರಂದು ಬೆಂಗಳೂರಿನ ಉಷ್ಣಾಂಶ ೩೯.೨ ಡಿಗ್ರಿ ಮುಟ್ಟಿತ್ತು. ಕೋಣೆಯ ಬಿಸಿ ೧೦ ಡಿಗ್ರಿ ಏರಿದರೆ ಚಿಪ್ಪಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಜನವರಿಯಲ್ಲಿ ನಡೆದ ಉಪಾಯ ಏಪ್ರಿಲ್ಲಿನಲ್ಲಿ ಕೈಕೊಡುವುದು ಇದರಿಂದಲೇ.

ಸದ್ದಿನ ಲೆಕ್ಕ

ಫ್ಯಾನಿನ ವೇಗ ಇಮ್ಮಡಿಯಾದರೆ ಗಾಳಿ ಇಮ್ಮಡಿಯಾಗುತ್ತದೆ. ಅದರ ಮೋಟಾರಿಗೆ ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಸದ್ದು ಸುಮಾರು ೧೫ ಡೆಸಿಬೆಲ್ ಏರುತ್ತದೆ. ೧೦ ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಸದ್ದು ಎರಡರಷ್ಟಾದಂತೆ ತೋರುವುದರಿಂದ, ೧೫ ಸಣ್ಣ ಸಂಖ್ಯೆಯೇನಲ್ಲ. ಒಂದೇ ಬಗೆಯ ಎರಡು ಫ್ಯಾನುಗಳು ಜೊತೆಯಾಗಿ ತಿರುಗಿದರೆ ಹೆಚ್ಚುವುದು ೩ ಡೆಸಿಬೆಲ್ ಮಾತ್ರ. ಆದುದರಿಂದ ಒಂದು ಸಣ್ಣ ಫ್ಯಾನನ್ನು ಹುಚ್ಚುಹಿಡಿದಂತೆ ಓಡಿಸುವುದಕ್ಕಿಂತ ಎರಡು ಮೂರು ದೊಡ್ಡ ಫ್ಯಾನುಗಳನ್ನು ನಿಧಾನವಾಗಿ ತಿರುಗಿಸುವುದು ಮೇಲು. ಈಗಿನ ಕಾರ್ಡುಗಳು ಮೊಳದುದ್ದಕ್ಕೆ ಹತ್ತಿರವಾಗಿ ಬೆಳೆದಿರುವುದರ ಗುಟ್ಟು ಇದೇ.

ಈ ಪಾಠವನ್ನು ತಯಾರಕರೂ ಪೆಟ್ಟು ತಿಂದೇ ಕಲಿತರು. ೨೦೦೩ರಲ್ಲಿ ಎನ್‌ವಿಡಿಯಾ ತಂದ ಜೀಫೋರ್ಸ್ ಎಫ್‌ಎಕ್ಸ್ ೫೮೦೦ ಅಲ್ಟ್ರಾ ಎಂಬ ಕಾರ್ಡಿನ ಫ್ಯಾನು ಎಷ್ಟು ಅಬ್ಬರಿಸುತ್ತಿತ್ತೆಂದರೆ, ಜನ ಅದಕ್ಕೆ ಧೂಳು ಹೀರುವ ಯಂತ್ರದ ಹೆಸರಿಟ್ಟು ಗೇಲಿ ಮಾಡಿದರು. ಕಡೆಗೆ ಕಂಪೆನಿಯವರೇ ಆ ಕಾರ್ಡನ್ನು ತರಗೆಲೆ ಊದುವ ಯಂತ್ರವನ್ನಾಗಿ ತೋರಿಸುವ ಹಾಸ್ಯಚಿತ್ರವೊಂದನ್ನು ಮಾಡಿ ತಮ್ಮನ್ನು ತಾವೇ ನಕ್ಕುಕೊಂಡರು. ೨೦೧೪ರ ಆಸುಪಾಸಿನಿಂದ, ಕೆಲಸ ಹಗುರವಾಗಿರುವಾಗ ಫ್ಯಾನೇ ತಿರುಗದಿರುವ ಕಾರ್ಡುಗಳು ಬಳಕೆಗೆ ಬಂದವು. ದೊಡ್ಡ ರೆಕ್ಕೆಗಳಿದ್ದರೆ ಅಲ್ಪಸ್ವಲ್ಪ ಶಾಖ ತಾನಾಗಿಯೇ ಗಾಳಿಗೆ ಸೇರಿಹೋಗುತ್ತದೆ.

ದೊಡ್ಡ ಡೇಟಾ ಕೇಂದ್ರಗಳಲ್ಲಿ ಈ ಚಿಂತೆಯಿಲ್ಲ. ಅಲ್ಲಿಯ ಎಷ್ಟೋ ಕಾರ್ಡುಗಳಿಗೆ ಸ್ವಂತ ಫ್ಯಾನೇ ಇರುವುದಿಲ್ಲ. ಅವನ್ನು ಹೊತ್ತ ಪೆಟ್ಟಿಗೆಯ ಫ್ಯಾನುಗಳು ಕಿವಿ ಕಿವುಡಾಗುವಂತೆ ಊದುತ್ತವೆ. ಅಲ್ಲಿ ಮಲಗುವವರಾರೂ ಇಲ್ಲವಷ್ಟೆ. ಮನೆಯ ಕಥೆ ಬೇರೆ. ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು (೨೦೦೦) ಕೈಗಾರಿಕಾ ಪ್ರದೇಶಕ್ಕೆ ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ೭೦ ಡೆಸಿಬೆಲ್ ಮಿತಿಯನ್ನೂ, ವಸತಿ ಪ್ರದೇಶಕ್ಕೆ ೪೫ ಡೆಸಿಬೆಲ್ ಮಿತಿಯನ್ನೂ ಹೇಳುತ್ತವೆ. ಅವು ಹೊರಗಿನ ವಾತಾವರಣಕ್ಕೆ ಹೇಳಿದ ಮಾತು. ತಲೆದಿಂಬಿನ ಪಕ್ಕದ ಗೋಡೆಯ ಲೆಕ್ಕ ಇನ್ನೂ ಸೂಕ್ಷ್ಮ. ಒಂದೇ ಸಮನೆ ಇರುವ ಸದ್ದಿಗೆ ಕಿವಿ ಒಗ್ಗುತ್ತದೆ. ಏರಿ ಇಳಿದು ಮತ್ತೆ ಏರುವ ಸದ್ದು ನಿದ್ದೆಗೆಡಿಸುತ್ತದೆ.

ತಮ್ಮನು ಹೇಳಿದ ಮಾತು

ಕೆಲಸ ನಿಂತುಹೋದ ದಿನ ಸಂಜೆ ನಾವು ಅಲ್ಲಿಗೆ ಹೋದೆವು. ಹುಡುಗ ತಲೆಯ ಮೇಲೆ ಕೈಹೊತ್ತು ಕುಳಿತಿದ್ದನು. “ದೊಡ್ಡಪ್ಪ, ಫ್ಯಾನ್ ಜೋರು ಮಾಡಿದರೆ ಅಜ್ಜಿಗೆ ನಿದ್ದೆಯಿಲ್ಲ. ನಿಧಾನ ಮಾಡಿದರೆ ನನಗೆ ಅನ್ನವಿಲ್ಲ” ಎಂದನು. ಎಲ್ಲವನ್ನೂ ಕೇಳಿಸಿಕೊಂಡ ತಮ್ಮನು ತನ್ನ ಕಸುಬಿನ ಭಾಷೆಯಲ್ಲಿ ಹೇಳಿದನು: “ಟೂಲ್ ಕಾಯ್ತಿದ್ರೆ ಕೂಲೆಂಟ್ ಒಂದನ್ನೇ ನೆಚ್ಕೋಬಾರ್ದು ಕಣೋ. ಮೊದಲು ಸ್ಪೀಡ್ ಸ್ವಲ್ಪ ಇಳಿಸಿ ನೋಡ್ಬೇಕು. ಆಮೇಲೆ ಕೂಲೆಂಟ್ ಹೋಗೋ ದಾರೀಲಿ ಚೂರು ಕಟ್ಟಿದೆಯಾ ನೋಡ್ಬೇಕು.” ಕಂಪ್ಯೂಟರಿನ ಗಂಧವಿಲ್ಲದ ಮನುಷ್ಯ ಸಮಸ್ಯೆಯ ಬೇರಿಗೇ ಕೈಹಾಕಿದ್ದನು. ಮೂವರೂ ಸೇರಿ ಆ ಕ್ರಮದಲ್ಲಿಯೇ ಹೊರಟೆವು.

ಮೊದಲನೆಯದು ದಾರಿ. ಕಂಪ್ಯೂಟರಿನ ಪೆಟ್ಟಿಗೆ ಮೇಜಿನ ಕೆಳಗಿನ ಬೀರುವಿನಲ್ಲಿತ್ತು. ಧೂಳು ಬೀಳಬಾರದೆಂದು ಬಾಗಿಲನ್ನೂ ಮುಚ್ಚಲಾಗುತ್ತಿತ್ತು. ಹೊರಹೋದ ಬಿಸಿಗಾಳಿಯನ್ನೇ ಕಾರ್ಡು ಮತ್ತೆ ಎಳೆದುಕೊಳ್ಳುತ್ತಿತ್ತು. ಪೆಟ್ಟಿಗೆಯನ್ನು ಹೊರಗಿಟ್ಟು, ಹಿಂದೆ ಒಂದು ಗೇಣು ಜಾಗ ಬಿಟ್ಟೆವು. ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಹುಡುಗನ ಗೆಳೆಯನೊಬ್ಬನದು ಇದೇ ಪಾಡು. ಬಣ್ಣದ ದೀಪಗಳು ಕಾಣಲೆಂದು ಮುಂಭಾಗಕ್ಕೆಲ್ಲ ಗಾಜು ಹೊದಿಸಿದ ಪೆಟ್ಟಿಗೆ ಕೊಂಡಿದ್ದನಂತೆ. ನೋಡಲು ಚೆಂದ, ಆದರೆ ಗಾಳಿ ಒಳಬರಲು ಎಡೆಯೆಲ್ಲಿ? ಮುಂಭಾಗದಲ್ಲಿ ಜಾಲರಿಯಿರುವ ಪೆಟ್ಟಿಗೆಯೇ ನಮ್ಮ ಊರಿಗೆ ತಕ್ಕುದು.

ಎರಡನೆಯದು ಧೂಳು. ಪೆಟ್ಟಿಗೆ ಬಿಚ್ಚಿದಾಗ ಕಾರ್ಡಿನ ರೆಕ್ಕೆಗಳ ನಡುವೆ ಕಂಬಳಿ ಹೊದಿಸಿದಂತೆ ಧೂಳು ಕುಳಿತಿತ್ತು. ಲಾರಿಗಳು ಎಬ್ಬಿಸುವ ಮಣ್ಣು ಒಂದು ಕಡೆ. ಅಡುಗೆಮನೆಯ ಒಗ್ಗರಣೆಯ ಜಿಡ್ಡು, ಪೂಜೆಯ ಊದುಬತ್ತಿ ಮತ್ತು ಧೂಪಗಳ ಹೊಗೆ ಸೇರಿ ಅದನ್ನು ಅಂಟಾಗಿಸಿದ್ದವು. ವಿದ್ಯುತ್ ಸಂಪರ್ಕವನ್ನು ಪೂರ್ತಿಯಾಗಿ ತೆಗೆದು, ಮೆತ್ತನೆಯ ಬ್ರಷ್ಷಿನಿಂದಲೂ ಗಾಳಿ ಊದುವ ಸಣ್ಣ ಬ್ಲೋಯರಿನಿಂದಲೂ ಸ್ವಚ್ಛಗೊಳಿಸಿದೆವು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಇಲ್ಲವಾದರೆ ಅದು ಅಳತೆಮೀರಿ ತಿರುಗಿ ಬೇರಿಂಗ್ ಕೆಡಬಹುದು. ಒದ್ದೆ ಬಟ್ಟೆಯನ್ನು ಹತ್ತಿರ ತರಲೇಬಾರದು. ನಾಲ್ಕೈದು ವರ್ಷ ದಾಟಿದ ಕಾರ್ಡಿನಲ್ಲಿ ಥರ್ಮಲ್ ಪೇಸ್ಟು ಒಣಗಿರುವುದೂ ಉಂಟು. ಅದನ್ನು ಬದಲಿಸುವುದು ಬಲ್ಲವರ ಕೆಲಸ. ವಾರಂಟಿ ಇನ್ನೂ ಇದ್ದರೆ ಕಾರ್ಡು ಬಿಚ್ಚುವ ಮೊದಲು ಅದರ ಷರತ್ತುಗಳನ್ನು ಓದಬೇಕು.

ಮೂರನೆಯದೇ ತಮ್ಮನು ಹೇಳಿದ ‘ಸ್ಪೀಡ್ ಇಳಿಸುವುದು’. ಕಾರ್ಡು ಎಷ್ಟು ವಾಟ್‌ಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಮಿತಿ ಹಾಕುವ ಸೌಕರ್ಯ ಇಂದಿನ ಬಹುತೇಕ ಕಾರ್ಡುಗಳಲ್ಲಿದೆ. ಇದರ ಹಿಂದೆ ಒಂದು ಸರಳ ನಿಯಮವಿದೆ: ಚಿಪ್ಪಿನ ಶಾಖವು ಅದರ ವೇಗಕ್ಕೂ, ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಏರುತ್ತದೆ. ವೋಲ್ಟೇಜನ್ನು ಶೇಕಡಾ ೧೦ ತಗ್ಗಿಸಿದರೆ ಅಷ್ಟರಿಂದಲೇ ಶಾಖ ಸುಮಾರು ಶೇಕಡಾ ೧೯ ತಗ್ಗುತ್ತದೆ. ತಯಾರಕರು ಪೈಪೋಟಿಯಲ್ಲಿ ಗೆಲ್ಲಲೆಂದು ಕಾರ್ಡನ್ನು ಅದರ ಶಕ್ತಿಯ ತುತ್ತತುದಿಗೆ ಎಳೆದಿಟ್ಟಿರುವುದುಂಟು. ಕಡೆಯ ಆ ಅಲ್ಪ ವೇಗಕ್ಕೆ ತೆರುವ ಶಾಖ ಬಹಳ. ೨೦೦ ವಾಟಿನ ಕಾರ್ಡಿಗೆ ನಾವು ೧೫೦ ವಾಟಿನ ಮಿತಿ ಹಾಕಿದೆವು. ಒಂಬತ್ತು ಗಂಟೆಯ ಕೆಲಸಕ್ಕೆ ಮುಕ್ಕಾಲು ಗಂಟೆ ಹೆಚ್ಚು ಹಿಡಿಯಿತು, ಅಷ್ಟೆ. ಶಾಖ ಕಾಲುಭಾಗ ಇಳಿದಿತ್ತು.

ನಾಲ್ಕನೆಯದಾಗಿ, ಎಲ್ಲ ಮುಗಿದ ಮೇಲೆ, ಫ್ಯಾನಿನ ಕಡೆಗೆ ಬಂದೆವು. ಇಲ್ಲಿ ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ಫ್ಯಾನು ಅತಿ ವೇಗದಲ್ಲಿರುವಾಗ ಸ್ವಲ್ಪ ತಗ್ಗಿಸಿದರೆ ಸದ್ದು ಬಹಳ ಇಳಿಯುತ್ತದೆ, ಬಿಸಿ ಎರಡು ಮೂರು ಡಿಗ್ರಿ ಮಾತ್ರ ಏರುತ್ತದೆ. ಅತಿ ನಿಧಾನದಲ್ಲಿರುವಾಗ ಇನ್ನೂ ತಗ್ಗಿಸಿದರೆ ಸದ್ದಿನಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ, ಬಿಸಿ ಮಾತ್ರ ಸರ್ರನೆ ಏರುತ್ತದೆ. ಹುಡುಗ ಫ್ಯಾನನ್ನು ಕಟ್ಟಿಹಾಕಿದ್ದು ಈ ಎರಡನೆಯ ಎಡೆಯಲ್ಲಿ. ನಡುವಿನ ಎಡೆಯನ್ನು ಹುಡುಕಬೇಕು. ಒಂದು ವೇಗಕ್ಕೆ ಕಟ್ಟಿಹಾಕದೆ, ಬಿಸಿ ಏರಿದಂತೆ ಫ್ಯಾನು ಮೆಲ್ಲಮೆಲ್ಲನೆ ಏರುವಂತೆಯೂ, ಬಿಸಿ ಒಂದೆರಡು ಡಿಗ್ರಿ ಅಲುಗಾಡಿದ ಮಾತ್ರಕ್ಕೆ ವೇಗ ಏರಿಳಿಯದಂತೆಯೂ ಹೊಂದಿಸಿದೆವು. ಆ ರಾತ್ರಿ ಚಿಪ್ಪಿನ ಬಿಸಿ ೭೦ರಿಂದ ೭೫ ಡಿಗ್ರಿಯ ನಡುವೆ ನಿಂತಿತು. ಸದ್ದು ದೂರದ ಸೀಲಿಂಗ್ ಫ್ಯಾನಿನಂತೆ ಒಂದೇ ಸಮನೆ ಇತ್ತು.

ಕೊಳ್ಳುವವರಿಗೆ ಎರಡು ಮಾತು

ಹೊಸ ಕಾರ್ಡು ಕೊಳ್ಳುವವರು ವೇಗವನ್ನು ಮಾತ್ರ ನೋಡದೆ, ಒಂದೇ ಚಿಪ್ಪಿನ ಕಾರ್ಡುಗಳಲ್ಲಿ ದಪ್ಪನೆಯ ಹೀಟ್‌ಸಿಂಕೂ ಎರಡು ಮೂರು ದೊಡ್ಡ ಫ್ಯಾನುಗಳೂ ಇರುವುದನ್ನು ಆರಿಸಲಿ. ಅದಕ್ಕೆ ಮುನ್ನ ಮನೆಯ ಪೆಟ್ಟಿಗೆಯ ಅಳತೆ ತೆಗೆದುಕೊಳ್ಳಲಿ. ಒಂದೇ ಉರುಳೆಯಂತಹ ಫ್ಯಾನಿರುವ ಬ್ಲೋಯರ್ ಮಾದರಿಯು ಬಿಸಿಗಾಳಿಯನ್ನು ಪೆಟ್ಟಿಗೆಯಿಂದ ನೇರವಾಗಿ ಹೊರದೂಡುವುದು ನಿಜ. ಇಕ್ಕಟ್ಟಾದ ಪೆಟ್ಟಿಗೆಗೆ ಅದು ಅನುಕೂಲ, ಆದರೆ ಸದ್ದು ಹೆಚ್ಚು. ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಹಳೆಯ ಕಾರ್ಡು ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಈಥೀರಿಯಮ್ ಎಂಬ ಡಿಜಿಟಲ್ ನಾಣ್ಯದ ಲೆಕ್ಕಕ್ಕೆ ಕಾರ್ಡುಗಳ ಬಳಕೆ ೨೦೨೨ರ ಸೆಪ್ಟೆಂಬರಿನಲ್ಲಿ ಕೊನೆಗೊಂಡಾಗ, ಹಗಲಿರುಳು ದುಡಿದಿದ್ದ ಕಾರ್ಡುಗಳು ಮಾರಾಟಕ್ಕೆ ಬಂದವು. ಅಂತಹವುಗಳ ಫ್ಯಾನಿನ ಬೇರಿಂಗ್ ಸವೆದಿರಬಹುದು. ಹತ್ತು ನಿಮಿಷ ಓಡಿಸಿ, ಕರಕರ ಸದ್ದಿದೆಯೇ ಎಂದು ಕಿವಿಗೊಟ್ಟು ಕೇಳಿಯೇ ಹಣ ಕೊಡುವುದು ಲೇಸು. ಫ್ಯಾನು ನಿಂತಿದ್ದರೂ ಜೀರುಂಡೆಯಂತೆ ಸದ್ದು ಬಂದರೆ ಅದು ವಿದ್ಯುತ್ ಸುರುಳಿಗಳ ಕಂಪನ. ಫ್ಯಾನನ್ನು ಬದಲಿಸಿ ಫಲವಿಲ್ಲ. ವಿದ್ಯುತ್ತಿನ ಮಿತಿ ತಗ್ಗಿಸಿದರೆ ಅದು ಕೆಲಮಟ್ಟಿಗೆ ಕಡಿಮೆಯಾಗುವುದುಂಟು.

ಕಡೆಯದಾಗಿ ಒಂದು ಮಾತು. ಮರುದಿನ ಬೆಳಿಗ್ಗೆ ತಾಯಿಯವರನ್ನು ಕೇಳಿದೆವು. “ಇವತ್ತು ಮಿಕ್ಸಿಯವರು ಊರಿಗೆ ಹೋಗಿದಾರೆ ಅನ್ಸುತ್ತೆ” ಎಂದರು. ಎಲ್ಲರೂ ನಕ್ಕೆವು. ತಮ್ಮನು ಮಾತ್ರ ನಗಲಿಲ್ಲ. ಆ ಪೆಟ್ಟಿಗೆಯ ಹತ್ತಿರ ಹೋಗಿ ಕಿವಿಯಿಟ್ಟು ಕೇಳಿ, “ಈಗಲೂ ಓಡ್ತಾ ಇದೆಯಾ? ನಿನ್ನೆ ಜೋರಾಗಿತ್ತು ಅಂತೀರಲ್ಲ, ನನಗೆ ಎರಡೂ ಒಂದೇ ಥರ” ಎಂದನು. ಮೂವತ್ತು ವರ್ಷ ಯಂತ್ರಗಳ ನಡುವೆ ನಿಂತ ಅವನ ಕಿವಿಗೆ ಸಣ್ಣ ಸದ್ದುಗಳು ಕೇಳಿಸುವುದು ಯಾವಾಗಲೋ ನಿಂತುಹೋಗಿತ್ತು, ನಾವಾರೂ ಗಮನಿಸಿರಲಿಲ್ಲ. ತಾಯಿ ಸುಮ್ಮಸುಮ್ಮನೆ ದೂರುತ್ತಾರೆಂದು ಅವನು ತಿಳಿದಿದ್ದನು. ಅವನು ಅಸಡ್ಡೆ ಮಾಡುತ್ತಾನೆಂದು ತಾಯಿ ತಿಳಿದಿದ್ದರು. ಆ ವಾರವೇ ಅವನನ್ನು ಕಿವಿಯ ವೈದ್ಯರಲ್ಲಿಗೆ ಕರೆದೊಯ್ದೆವು. ಈಗ ಹುಡುಗನ ಕೆಲಸ ರಾತ್ರಿ ಹತ್ತಕ್ಕೆ ಬದಲು ಸಂಜೆ ಏಳಕ್ಕೇ ಆರಂಭವಾಗುತ್ತದೆ. ಹೆಚ್ಚು ಹಿಡಿಯುವ ಆ ಮುಕ್ಕಾಲು ಗಂಟೆ ಯಾರಿಗೂ ಭಾರವಾಗಿಲ್ಲ.

ಮನೆಯಲ್ಲಿ ಯಾರಾದರೂ ಸದ್ದಾಗುತ್ತಿದೆ ಎಂದರೆ, ಫ್ಯಾನಿಗೆ ಕೈಹಾಕುವ ಮುನ್ನ ಗಾಳಿಯ ದಾರಿಯನ್ನೊಮ್ಮೆ ನೋಡಿ, ಧೂಳನ್ನು ಕೊಡವಿ, ಯಂತ್ರದ ದುಡಿಮೆಯನ್ನು ತುಸು ಹಗುರಗೊಳಿಸಿ. ಯಾರಿಗಾದರೂ ಆ ಸದ್ದು ಕೇಳಿಸದಿದ್ದರೆ, ಅದನ್ನೂ ಒಮ್ಮೆ ವಿಚಾರಿಸಿ.